ಅಳಿವೆ ದಾಟುವ ಹೊತ್ತು

"ಮೇಲಿನ ದಾರಿ ತಗೊಳ್ಳಿ," ಎಂದ ಕೌಂಟರಿನ ಹಿಂದಿದ್ದವನು, ಅವಳ ಅರ್ಜಿಯಿಂದ ತಲೆ ಎತ್ತದೆ.

"ನಾನು ಬರೆದಿರೋದು ಕೆಳಗಿನ ದಾರಿ."

"ಕೆಳಗಿನ ದಾರೀಲಿ ಅಳಿವೆ ದಾಟಬೇಕು."

"ಗೊತ್ತು. ಹೋದ ಸಲ ಅಲ್ಲಿ ನೀವೂ ಇದ್ರಿ."

ಆಗ ತಲೆ ಎತ್ತಿದ. ಎರಡು ವರ್ಷದಲ್ಲಿ ಗಡ್ಡದಲ್ಲಿ ಒಂದೆರಡು ಬಿಳಿ ಎಳೆ ಬಂದಿದ್ದವು. ಕಣ್ಣು ಮಾತ್ರ ಅವೇ, ದೂರದ ನೀರು ನೋಡಿ ನೋಡಿ ಕಿರಿದಾದ ಕಣ್ಣು. ಅವು ಅವಳ ಮುಖದ ಮೇಲೆ ಒಂದು ಕ್ಷಣ, ಕೆಂಪು ಟೋಪಿಯ ಮೇಲೆ ಇನ್ನೊಂದು ಕ್ಷಣ ನಿಂತು ಮತ್ತೆ ಕಾಗದಕ್ಕೆ ಇಳಿದವು. ಗುರುತು ಸಿಕ್ಕಿತೆಂದು ಅವಳಿಗೆ ತಿಳಿಯಿತು. ಸಿಗಲಿ ಎಂದೇ ಹೋದ ಸಲದ ಅದೇ ಟೋಪಿ ಹಾಕಿಕೊಂಡು ಬಂದಿದ್ದಳು.

ಅವಳು ಹಲ್ಲಿನ ಲ್ಯಾಬಿನಲ್ಲಿ ಕೆಲಸ ಮಾಡುವವಳು. ದಿನವಿಡೀ ಮೇಣದಲ್ಲಿ ಯಾರ್‍ಯಾರದೋ ಹಲ್ಲು ಕೂರಿಸಿ, ಕೂದಲೆಳೆಯಷ್ಟು ಹೆಚ್ಚಾದದ್ದನ್ನು ಕೆರೆದು ತೆಗೆಯುವ ಕೈ ಅವಳದು. ಉಳಿದ ಹೊತ್ತಿನಲ್ಲಿ, ಎರಡು ವರ್ಷದಿಂದ, ಈ ಮನುಷ್ಯನ ಮೇಲೆ ಹಲ್ಲು ಮಸೆಯುತ್ತಿದ್ದಳು.

ಕಡಲದಂಡೆಯ ಆ ನಡಿಗೆ ಐದು ದಿನದ್ದು. ಟೆಂಟು, ಒಲೆ, ಊಟ ಎಲ್ಲ ಬೆನ್ನ ಮೇಲೆ. ಕೆಳಗಿನ ದಾರಿಯಲ್ಲಿ ಮಾತ್ರ ಐದನೆಯ ದಿನ ದೀಪಸ್ತಂಭ ಸಿಗುತ್ತದೆ. ಆದರೆ ನಾಲ್ಕನೆಯ ದಿನ ನದಿ ಕಡಲು ಸೇರುವ ಅಳಿವೆಯನ್ನು ದಾಟಬೇಕು. ಸೇತುವೆ ಇಲ್ಲ. ಕಡಲು ಪೂರ್ತಿ ಇಳಿದಾಗ ಮೊಣಕಾಲುದ್ದ ನೀರು, ಹೊತ್ತು ತಪ್ಪಿದರೆ ಆಳು ಮುಳುಗುವಷ್ಟು. ಎರಡು ವರ್ಷದ ಹಿಂದೆ ಅವಳು ಅಪ್ಪನ ಜೊತೆ ಆ ನೀರಿನ ಅಂಚಿಗೆ ಬಂದಾಗ, ಕಾವಲು ಗುಡಿಸಲಿನಿಂದ ಇವನು ಉದ್ದಕ್ಕೆ ಒಂದು ಸೀಟಿ ಊದಿ ತಡೆದಿದ್ದ. ನೀರು ಏರುತ್ತಿದೆ, ವಾಪಸ್ ಹೋಗಿ ಎಂದ. ಇಲ್ಲ, ಇನ್ನೂ ಇಳಿಯುತ್ತಿದೆ ಎಂದು ಅವಳು ಬಾಯಿ ಬಡಿದುಕೊಂಡರೂ ಕೇಳಲಿಲ್ಲ. ಅಪ್ಪ ಮರುಮಾತಾಡದೆ ತಿರುಗಿ ನಡೆದುಬಿಟ್ಟ. ಮೂವತ್ತೊಂದು ವರ್ಷ ಬಸ್ ಕಂಡಕ್ಟರಾಗಿ ಎಲ್ಲರನ್ನೂ ಅವರವರ ಸ್ಟಾಪಿಗೆ ತಲುಪಿಸಿದ ಅಪ್ಪ, ತನಗೆಂದು ಇಟ್ಟುಕೊಂಡಿದ್ದ ಒಂದೇ ಸ್ಟಾಪು ಆ ದೀಪಸ್ತಂಭ. ಆಮೇಲೆ ಅಪ್ಪನ ಮೊಣಕಾಲು ಕೈಕೊಟ್ಟಿತು. ಈಗ ಎರಡು ಮೆಟ್ಟಿಲಿಗೂ ಕೋಲು ಬೇಕು.

ಅಪ್ಪನ ಪಾಲಿನದನ್ನೂ ಸೇರಿಸಿ ತಾನೇ ನಡೆದು ಬರುತ್ತೇನೆಂದು ಅವಳು ಹಟ ಹಿಡಿದಿದ್ದಳು. ಅದಕ್ಕೆ, ನಡಿಗೆಗೆ ಅನುಮತಿ ಕೊಡುವ ಈ ಕಚೇರಿಯ ಮೂರು ಸಹಿ ಬೇಕಿತ್ತು. ದಾರಿಗೊಂದು, ಬ್ಯಾಗಿಗೊಂದು, ಅಳಿವೆ ದಾಟುವ ಹೊತ್ತಿಗೊಂದು. ಒಬ್ಬರೇ ಹೋಗುವಂತಿಲ್ಲ. ಮೂರೂ ಸಹಿ ಹಾಕುವವನು, ಅವಳ ಗ್ರಹಚಾರಕ್ಕೆ, ಅಳಿವೆಯಿಂದ ಈಚೆಗಷ್ಟೇ ಈ ಕೌಂಟರಿಗೆ ಬಂದು ಕೂತ ಇವನೇ.

"ಜೊತೆಗೆ ಯಾರು?"

"ಲ್ಯಾಬಿನ ಗೆಳತಿ."

"ಮೇಲಿನ ದಾರೀಲಿ ಗಾಳಿ ಚೆನ್ನಾಗಿರುತ್ತೆ. ನೋಟಾನೂ ಚೆನ್ನಾಗಿರುತ್ತೆ."

"ನಿಮ್ಮ ಅಭಿಪ್ರಾಯ ಬರೆಯೋಕೆ ಈ ಫಾರ್ಮಲ್ಲಿ ಜಾಗ ಇಲ್ಲ."

ಅವನು ಸಹಿ ಹಾಕಿದ. ಪೆನ್ನಿನ ಮೊನೆ ಕಾಗದ ಹರಿಯುವಷ್ಟು ಒತ್ತಿತ್ತು.

ಮನೆಯಲ್ಲಿ ಅಪ್ಪ ಪೇಪರಿನ ಹಿಂದಿನಿಂದ ಕೇಳಿದ, "ಏನಾಯ್ತು?"

"ಬೇಲಿ ಅಲ್ಲೇ ಬಂದು ಕೂತಿದಾನೆ." ಬೇಲಿ ಎಂಬುದು, ದಾರಿಗೆ ಅಡ್ಡ ನಿಂತವನಿಗೆ ಅಪ್ಪ ಮಗಳು ಇಟ್ಟ ಹೆಸರು.

ಪೇಪರು ಒಂದಿಷ್ಟು ಅಲುಗಿತು. "ಪಾಪ, ಅವನ ಕೆಲಸ ಅವನು ಮಾಡ್ದ ಬಿಡೇ."

"ಪಾಪ ಅಂತೆ! ನೀನು ಹೊಟ್ಟೆಗೆ ಹಾಕ್ಕೊಂಡಿರಬಹುದು. ನನ್ನ ಹೊಟ್ಟೇಲಿ ಜಾಗ ಇಲ್ಲ."

ಅಪ್ಪ ಯಾಕೋ ಕೆಮ್ಮಿದ.

ಮುಂದಿನ ವಾರ ಬ್ಯಾಗಿನ ತಪಾಸಣೆ. ತಕ್ಕಡಿಯ ಕೊಕ್ಕೆಗೆ ಬ್ಯಾಗು ತಗುಲಿಸಿ, ಸಾಲಿನಲ್ಲಿ ನಿಂತಿದ್ದ ನಾಲ್ಕೂ ಜನರಿಗೆ ಕೇಳುವ ಹಾಗೆ ಓದಿದ.

"ಹದಿನಾರು ಕೆಜಿ ಮುನ್ನೂರು ಗ್ರಾಂ. ನಿಮ್ಮ ತೂಕ ಎಷ್ಟು?"

"ಯಾಕೆ, ಹೆಣ್ಣು ನೋಡೋಕೆ ಬಂದಿದೀರಾ?"

ಸಾಲು ನಕ್ಕಿತು. ಅವನು ನಗಲಿಲ್ಲ, ಆದರೆ ಕಿವಿಯ ತುದಿ ಕೆಂಪಾಯಿತು. ಅವಳು ಅದನ್ನು ನೋಡಿದಳು. ನೋಡಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಅವನು ಒಂದೊಂದೇ ತೆಗೆದು ಮೇಜಿನ ಮೇಲೆ ಇಟ್ಟ. "ಎರಡು ಟವೆಲ್ ಯಾಕೆ?"

"ಒಂದು ಒಣಗೋವರೆಗೆ ಇನ್ನೊಂದು."

"ಕಡಲ ಹತ್ರ ಎರಡೂ ಒಣಗಲ್ಲ. ಇದೇನು, ಕೆಜಿಗಟ್ಟಲೆ ಓಟ್ಸ್? ಕುದುರೆ ಸಾಕಿದೀರಾ?"

"ಹಾಂ. ಒದೆಯುತ್ತೆ, ದೂರ ನಿಂತ್ಕೊಳ್ಳಿ."

ಕೊನೆಗೆ ಪ್ಲಾಸ್ಟಿಕ್ ಸೀಟಿ ಸಿಕ್ಕಿತು. ಊದಿ ನೋಡಿದ. ಬಿರುಕು ಬಿಟ್ಟಿದ್ದ ಅದರಿಂದ ಬರೀ ಗಾಳಿ ಬಂತು. "ಇದು ನಡೆಯಲ್ಲ. ಸೀಟಿ ಇಲ್ದೆ ಯಾರನ್ನೂ ಬಿಡಲ್ಲ. ಹೊರಡೋದ್ರೊಳಗೆ ಬೇರೆ ತಗೊಳ್ಳಿ."

"ಸೀಟಿ ಊದೋದ್ರಲ್ಲಿ ನಿಮ್ಮಷ್ಟು ಜಾಣರು ಯಾರಿದಾರೆ ಬಿಡಿ."

ಅವನು ಬೇಡದ್ದನ್ನೆಲ್ಲ ಪಕ್ಕಕ್ಕೆ ಸರಿಸಿದ. ಭಾರದ ವಸ್ತುಗಳನ್ನು ಬೆನ್ನಿಗೆ ತಾಗುವ ಹಾಗೆ ಒಳಗಿಟ್ಟು, ಹಗುರವಾದದ್ದನ್ನು ಮೇಲಿಟ್ಟು, ಸಂದುಗೊಂದಿಗೆಲ್ಲ ಕಾಲುಚೀಲ ತುರುಕಿದ. ಅವಳು ಇಡೀ ಭಾನುವಾರ ಗುದ್ದಾಡಿ ತುಂಬಿದ್ದ ಬ್ಯಾಗು ಹತ್ತು ನಿಮಿಷದಲ್ಲಿ ಹನ್ನೊಂದು ಕೆಜಿಗೆ ಇಳಿದು ಶಿಸ್ತಾಗಿ ಕೂತಿತು. ಹಾಕಿಕೊಳ್ಳಿ ಎಂದ. ಹಾಕಿಕೊಂಡಳು. ಪಟ್ಟಿ ಬಿಗಿಮಾಡುವಾಗ ಅವಳ ಜಡೆಯ ಒಂದು ಎಳೆ ಬಕಲಿನಲ್ಲಿ ಸಿಕ್ಕಿತು. ಅವನು ಉಸಿರು ಹಿಡಿದು, ನೋವಾಗದ ಹಾಗೆ, ಎರಡು ಬೆರಳಲ್ಲಿ ಅದನ್ನು ಬಿಡಿಸಿ ಭುಜದ ಹಿಂದಕ್ಕೆ ಸರಿಸಿದ.

ಅಷ್ಟು ಮೆದುವಾದ ಕೆಲಸವನ್ನು ಅವಳು ಲ್ಯಾಬಿನಲ್ಲೂ ಕಂಡಿರಲಿಲ್ಲ.

"ನೋಯ್ತಾ?"

"ಕೂದಲಲ್ವಾ, ನಿಮ್ಮ ಮನಸ್ಸಿನ ಹಾಗೆ. ನೋವು ಗೊತ್ತಾಗಲ್ಲ," ಎಂದು ಸಹಿ ಹಾಕಿದ ರಸೀದಿ ಕಿತ್ತುಕೊಂಡು ಹೊರಟಳು. ಬಾಗಿಲ ಗಾಜಿನಲ್ಲಿ ಕಂಡಿತು, ಅವನು ಮುಂದಿನವರನ್ನು ಕರೆಯದೆ ಹಾಗೇ ನಿಂತಿದ್ದ.

ಹೊರಡಲು ನಾಲ್ಕು ದಿನವಿದ್ದಾಗ ಗೆಳತಿ ಲ್ಯಾಬಿನ ಮೆಟ್ಟಿಲಲ್ಲಿ ಜಾರಿ ಪಾದ ಉಳುಕಿಸಿಕೊಂಡಳು. ಬೆಳಗಿನ ಹೊತ್ತು ಕಡಲು ಅಷ್ಟು ಕೆಳಗಿಳಿಯುವುದು ಆ ವಾರ ಮಾತ್ರ. ಅದು ತಪ್ಪಿದರೆ ಮತ್ತೆ ರಜೆ ಸಿಗುವುದು ಮುಂದಿನ ವರ್ಷ. ಜೊತೆಗೆ ಯಾರನ್ನಾದರೂ ಹುಡುಕಿದರಾಯಿತು ಎಂದು ಅವಳು ಮೂರನೆಯ ಸಹಿಗೆ ಹೋದಳು. ಹೊತ್ತಿನ ಹಾಳೆಯನ್ನು ಅವನ ಮುಂದೆ ಬಡಿದಳು.

ಅವನು ಉಬ್ಬರ ಇಳಿತದ ಪುಸ್ತಕ ತೆರೆದ. ಸಾಲಿನ ಕೆಳಗೆ ಸ್ಕೇಲ್ ಇಟ್ಟ. ತಾರೀಖನ್ನು ಬಾಯಲ್ಲೇ ಓದಿ, ಬೆರಳಿಟ್ಟು, ಇನ್ನೊಮ್ಮೆ ಓದಿದ. ಅಷ್ಟು ಎಚ್ಚರ ಯಾಕೆಂದು ಅವಳಿಗೆ ಅರ್ಥವಾಗಲಿಲ್ಲ.

"ನಾಲ್ಕನೇ ದಿನ, ಹತ್ತು ನಲವತ್ತು," ಎಂದ. "ಸರಿಯಿದೆ."

"ಹೋದ ಸಲಾನೂ ಸರಿಯಿತ್ತು."

ಅವನು ಪುಸ್ತಕ ಮುಚ್ಚಿದ. ಸಾಲಿನಲ್ಲಿ ಯಾರೂ ಇರಲಿಲ್ಲ. ಗೋಡೆಯ ಫ್ಯಾನು ಕಿರುಗುಟ್ಟುತ್ತಿತ್ತು.

"ಹೌದು," ಎಂದ. "ಹೋದ ಸಲಾನೂ ಸರಿಯಿತ್ತು."

"ಏನಂದ್ರಿ?"

"ನಾನು ಹಿಂದಿನ ದಿನದ ಸಾಲು ಓದಿದ್ದೆ. ದಿನಾ ಇಳಿತ ಐವತ್ತು ನಿಮಿಷ ತಡ ಆಗುತ್ತೆ. ನೀರು ಏರೋಕೆ ಶುರುವಾಗಿದೆ ಅಂದ್ಕೊಂಡೆ. ನೀವು ಹೇಳಿದ್ದೇ ನಿಜ, ಇನ್ನೂ ಇಳೀತಿತ್ತು. ನೀವು ಗುಡ್ಡ ಹತ್ತಿ ಮರೆಯಾದ ಮೇಲೆ ಗೊತ್ತಾಯ್ತು. ಓಡಿ ಬಂದೆ. ತಿರುವಿನವರೆಗೂ ಬಂದೆ. ನೀವು ಸಿಗಲಿಲ್ಲ."

ಎರಡು ವರ್ಷ ಈ ಮಾತಿಗಾಗಿ ಕಾದಿದ್ದಳು. ಸಿಕ್ಕಿದರೆ ಖುಷಿಯಾಗುತ್ತದೆ ಎಂದುಕೊಂಡಿದ್ದಳು. ಆಗಲಿಲ್ಲ.

"ಎರಡು ವರ್ಷ," ಎಂದಳು. "ಎರಡು ವರ್ಷ ಬಾಯಿಗೆ ಬೀಗ ಹಾಕ್ಕೊಂಡು, ಈಗ ನನಗೆ ಮೇಲಿನ ದಾರಿ ತಗೊಳ್ಳಿ ಅಂತ ಉಪದೇಶ?"

"ಮತ್ತೆ ಅದೇ ಜಾಗದಲ್ಲಿ ನಿಮ್ಮನ್ನ ನಿಲ್ಲಿಸೋ ಧೈರ್ಯ ಇರಲಿಲ್ಲ."

"ನನಗೆ ಹೇಳಿದ್ರೆ ಏನು ಬಂತು? ಕಳ್ಕೊಂಡಿದ್ದು ನಮ್ಮಪ್ಪ. ಮನೆಗೆ ಬಂದು ಅವರ ಮುಖ ನೋಡ್ಕೊಂಡು ಹೇಳಿ. ಗಂಡಸಾಗಿದ್ರೆ."

ಅವನು ಬಂದ. ಮಾರನೆಯ ದಿನ ಮಧ್ಯಾಹ್ನ, ಇಸ್ತ್ರಿ ಮಾಡಿದ ಶರ್ಟು ಹಾಕಿ, ಇಳಿತದ ಆ ವರ್ಷದ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದ. ಅವಳು ಕೂರಿ ಎನ್ನಲಿಲ್ಲ. ನಿಂತೇ ಹೇಳಿದ. ಪುಟ ತೆರೆದು, ಓದಬೇಕಿದ್ದ ಸಾಲು ಇದು, ಓದಿದ್ದು ಇದು ಎಂದು ಬೆರಳಿಟ್ಟು ತೋರಿಸಿದ. ಕೊನೆಗೆ, "ನಿಮ್ಮ ದೀಪಸ್ತಂಭ ನನ್ನಿಂದ ತಪ್ಪಿತು. ಕ್ಷಮಿಸಿ ಅನ್ನೋಕೂ ಮುಖ ಇಲ್ಲ," ಎಂದು ಪುಸ್ತಕವನ್ನು ಅಪ್ಪನ ಮುಂದೆ ಇಟ್ಟ.

ಅಪ್ಪ ಪುಟ ನೋಡಿದ. ಅವನನ್ನು ನೋಡಿದ. ಆಮೇಲೆ ಮಗಳ ಮುಖ ನೋಡಿ, ಟಿಕೆಟ್ ಇಲ್ಲದೆ ಸಿಕ್ಕಿಬಿದ್ದ ಪ್ರಯಾಣಿಕನ ಹಾಗೆ ಕಣ್ಣು ತಪ್ಪಿಸಿದ.

"ಕೂತ್ಕೋ ಮಾರಾಯ," ಎಂದ. "ಅವತ್ತು ನಿನ್ನ ಸೀಟಿ ಕೇಳಿ ನನಗೆ ಹೋದ ಜೀವ ಬಂದ ಹಾಗಾಯ್ತು."

"ಅಪ್ಪಾ?"

"ಎರಡನೇ ದಿನದಿಂದಾನೇ ಮೊಣಕಾಲು ಊದಿತ್ತು ಕಣೇ. ನೀನು ಮುಂದೆ ಹಾಡ್ಕೊಂಡು ಹೋಗ್ತಿದ್ದೆ. ಆಗಲ್ಲ ಅಂತ ಹೇಗೆ ಹೇಳ್ಲಿ? ಆ ನೀರಿಗೆ ಇಳಿದಿದ್ರೆ ನಿಲ್ಲೋಕೆ ಆಗ್ತಿರಲಿಲ್ಲ. ಯಾರಾದ್ರೂ ತಡೀಲಪ್ಪಾ ಅಂತ ಮನಸ್ಸಲ್ಲೇ ಬೇಡ್ಕೊತಿದ್ದೆ. ಇವನು ತಡೆದ."

"ಮತ್ತೆ ಎರಡು ವರ್ಷ ನಾನು ಇವರಿಗೆ ಹಿಡಿಶಾಪ ಹಾಕ್ತಿದ್ದಾಗ ಸುಮ್ನೆ ಕೂತು ಟೀ ಕುಡೀತಿದ್ಯಲ್ಲ!"

"ನಿನ್ನ ಕಣ್ಣಲ್ಲಿ ಸಣ್ಣವನಾಗೋಕೆ ಮನಸ್ಸು ಬರಲಿಲ್ಲ. ಬೈಗುಳ ಅವನ ಪಾಲಿಗೆ ಹೋದ್ರೆ ಹೋಗ್ಲಿ ಅಂತ ಬಿಟ್ಟೆ."

ಅವಳು ಎದ್ದು ಬಾಲ್ಕನಿಗೆ ಹೋದಳು. ಒಬ್ಬ ನಾಚಿಕೆಗೆ ಮುಚ್ಚಿಟ್ಟ, ಇನ್ನೊಬ್ಬ ಮಾನಕ್ಕೆ ಮುಚ್ಚಿಟ್ಟ. ಇಬ್ಬರ ನಡುವೆ ಮೂರ್ಖಳಾಗಿ ಕೆಂಪು ಟೋಪಿ ಹಾಕಿಕೊಂಡು ಯುದ್ಧಕ್ಕೆ ಹೊರಟವಳು ತಾನು. ಅಳು ಬಂತು. ಅದರ ಹಿಂದೆಯೇ ನಗುವೂ ಬರತೊಡಗಿದಾಗ ಇನ್ನಷ್ಟು ಸಿಟ್ಟು ಬಂತು.

ಅವನು ಬಾಗಿಲಲ್ಲಿ ಬಂದು ನಿಂತ. "ಹೊರಡ್ತೀನಿ. ಒಂದು ಮಾತು. ಗುಡ್ಡ ಇಳಿದು ಯಾರು ಬಂದ್ರೂ ಎರಡು ವರ್ಷ ನಾನು ಮೊದಲು ನೋಡ್ತಿದ್ದದ್ದು ಕೆಂಪು ಟೋಪಿ ಇದೆಯಾ ಅಂತ."

"ಕ್ಷಮೆ ಕೇಳೋಕಾ?"

"ಮೊದಮೊದಲು ಅದಕ್ಕೇ." ಅವನು ನೆಲ ನೋಡಿದ. "ಆಮೇಲಾಮೇಲೆ ಸುಮ್ನೆ."

ಅವಳ ಕೆನ್ನೆ ಬಿಸಿಯಾಯಿತು. ಅದನ್ನು ಅವನು ನೋಡಬಾರದೆಂದು ದನಿ ಜೋರು ಮಾಡಿದಳು. "ನನ್ನ ಗೆಳತಿ ಕಾಲು ಉಳುಕಿಸ್ಕೊಂಡಿದಾಳೆ. ನಿಮಗೆ ರಜೆ ಇದೆಯಾ?"

"ಎರಡು ವರ್ಷದ್ದು ಹಾಗೇ ಉಳಿದಿದೆ."

"ನಾಲ್ಕು ದಿನ ನಡೆಸಿ ವಾಪಸ್ ಕಳಿಸಿದ್ರಲ್ಲ, ಆ ನಾಲ್ಕು ದಿನ ನನಗೆ ವಾಪಸ್ ಬೇಕು. ಶನಿವಾರ ಬೆಳಗ್ಗೆ ಆರಕ್ಕೆ ಬನ್ನಿ. ಟೆಂಟು ನೀವೇ ಹೊರಬೇಕು."

"ಎರಡು ಟೆಂಟು ಇರುತ್ತೆ."

"ಎರಡೂ ನೀವೇ ಹೊರಬೇಕು."

ಒಳಗಿನಿಂದ ಅಪ್ಪ ಕೆಮ್ಮಿದ. ಈ ಸಲ ಕೆಮ್ಮಿನಲ್ಲಿ ನಗುವಿತ್ತು.

ಶನಿವಾರ ಹೊರಡುವಾಗ ಅಪ್ಪ ತನ್ನ ಹಳೆಯ ಹಿತ್ತಾಳೆ ಸೀಟಿಯನ್ನು ಅವಳ ಕೊರಳಿಗೆ ಹಾಕಿದ. "ಒಂದು ಊದಿದ್ರೆ ಗಾಡಿ ನಿಲ್ಲಬೇಕು, ಎರಡು ಊದಿದ್ರೆ ಹೊರಡಬೇಕು. ನನ್ನ ಸರ್ವಿಸೆಲ್ಲಾ ಇಷ್ಟರಲ್ಲೇ ಮುಗೀತು. ಮರೀಬೇಡ."

ಮೊದಲ ಮೂರು ದಿನ ಜಗಳದಲ್ಲೇ ಕಳೆದವು. ಟೆಂಟಿನ ಗೂಟ ಯಾವ ಕಡೆ ಓರೆ ಇರಬೇಕು ಎಂದು ಒಂದು ಸಂಜೆ, ಓಟ್ಸಿಗೆ ಉಪ್ಪು ಹಾಕಬೇಕೋ ಬೇಡವೋ ಎಂದು ಒಂದು ಬೆಳಗ್ಗೆ. ಅವಳ ಹಿಮ್ಮಡಿಯಲ್ಲಿ ಬೊಕ್ಕೆ ಎದ್ದಾಗ ಅವನು ಮಾತಿಲ್ಲದೆ ಮಂಡಿಯೂರಿ ಪಟ್ಟಿ ಅಂಟಿಸಿದ. ಅವಳು ಥ್ಯಾಂಕ್ಸ್ ಹೇಳುವ ಬದಲು ಪಟ್ಟಿ ಸೊಟ್ಟಗಿದೆ ಎಂದಳು. ಅವನು ಅದನ್ನು ಕಿತ್ತು ಮತ್ತೆ ಅಂಟಿಸಿದ. ಬಗ್ಗಿದ ಆ ಕತ್ತನ್ನು ಅವಳು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದಳು.

ನಾಲ್ಕನೆಯ ದಿನ ಹತ್ತೂವರೆಗೆ ಅಳಿವೆ ಬಂತು. ಆಚೆ, ಮಂಜಿನ ಕೊನೆಯಲ್ಲಿ, ಬೆರಳಿನಷ್ಟು ದೀಪಸ್ತಂಭ.

ಅವನು ಪುಸ್ತಕ ತೆಗೆಯಲಿಲ್ಲ. "ಏರ್ತಿದೆಯಾ, ಇಳೀತಿದೆಯಾ? ನೀವೇ ಹೇಳಿ."

ಅವಳು ಬಗ್ಗಿ ಮರಳಿನ ಒದ್ದೆ ಗೆರೆ ನೋಡಿದಳು. "ಇಳೀತಿದೆ."

"ಸರಿ," ಎಂದು, ಎರಡೂ ಟೆಂಟು ಹೊತ್ತು, ಅವಳಿಗಿಂತ ಮುಂಚೆ ನೀರಿಗೆ ಇಳಿದ.

ನಡುನೀರಿನಲ್ಲಿ, ಮೊಣಕಾಲ ಸುತ್ತ ಕಡಲು ಎಳೆಯುತ್ತಿದ್ದಾಗ, ಅವನು ತಿರುಗಿ ನಿಂತ. ಮುಖ ಬಿಳಿಚಿಕೊಂಡಿತ್ತು.

"ದೀಪಸ್ತಂಭ ನಾಳೆ ಬರುತ್ತೆ. ನೀವು ಕೇಳಿದ ದಿನಗಳು ಮುಗೀತು," ಎಂದ. "ನಿಮ್ಮನ್ನ ಪ್ರೀತಿಸ್ತೀನಿ. ಯಾವತ್ತಿಂದ ಅಂತ ತಾರೀಖು ಹೇಳೋಕೆ ಬರಲ್ಲ, ತಾರೀಖಿನಲ್ಲಿ ನಾನು ವೀಕು. ನಾಳೆ ಆದ್ಮೇಲೂ ನಿಮ್ಮ ಜೊತೆ ಬರಲಾ?"

"ಇದನ್ನ ಕೇಳೋಕೆ ನಡುನೀರೇ ಬೇಕಿತ್ತಾ?"

"ದಡದಲ್ಲಿ ನೀವು ಬಿಟ್ಟು ಹೋಗಿಬಿಡ್ತೀರಿ."

ಅವಳು ಕೊರಳಿನ ಸೀಟಿಯನ್ನು ತುಟಿಗೆ ಇಟ್ಟಳು. ಅವನ ಕಣ್ಣನ್ನೇ ನೋಡುತ್ತ, ಉದ್ದಕ್ಕೆ ಒಂದು ಊದಿದಳು.

ಅವನು ನಿಂತಲ್ಲೇ ನಿಂತ. ಭುಜ ಕುಸಿಯಿತು. ಟೆಂಟಿನ ಪಟ್ಟಿ ಹಿಡಿದಿದ್ದ ಬೆರಳು ಸಡಿಲವಾದವು. ಎರಡು ವರ್ಷದ ಹಿಂದೆ ಅವಳು ಹೇಗೆ ನಿಂತಿದ್ದಳೋ ಹಾಗೇ ನಿಂತಿದ್ದ. ಅವಳು ಅದನ್ನು ಕಣ್ತುಂಬ ನೋಡಿದಳು. ಇಷ್ಟು ಸಾಕು ಎನಿಸಿತು.

ಆಮೇಲೆ ಎರಡನೆಯದನ್ನೂ ಊದಿದಳು.