ದೋಣಿಯ ತಳದಲ್ಲಿ ಕೂತ ಅಣ್ಣ

ಹರಿಯ ಕರುಣೆಯಿಂದ ಕಲ್ಲುಗಳೂ ಮಾತಾಡುತ್ತಿದ್ದ ಕಾಲದಲ್ಲಿ, ಅಲೆನಾಡು ಎಂಬ ರಾಜ್ಯದಲ್ಲಿ ಸಿರಿದೇವಿ ಎಂಬ ಹುಡುಗಿ ಹಾಯಿದೋಣಿ ನಡೆಸುತ್ತಿದ್ದಳು. ಅವಳಿಗೊಬ್ಬ ಅಣ್ಣ, ದೂಮಣ್ಣ. ಬೆಟ್ಟದಂಥ ಮೈ, ಬೆಣ್ಣೆಯಂಥ ಮನಸ್ಸು. ಕೂತರೆ ಏಳುತ್ತಿರಲಿಲ್ಲ. "ಕೂಳಿಗೆ ದಂಡ, ಭೂಮಿಗೆ ಭಾರ" ಎಂದು ಊರು ನಗುತ್ತಿತ್ತು. ಅವನೂ ಜೊತೆಗೆ ನಗುತ್ತಿದ್ದ.

ಊದಾಸುರನೆಂಬ ಮಾಯಾವಿಗೆ ಹೆದರಿ ಊರವರು ಇಟ್ಟಿದ್ದ ಹೋಳಿಗೆಯನ್ನೆಲ್ಲ ದೂಮಣ್ಣ ಒಂದು ದಿನ ತಿಂದುಬಿಟ್ಟ.

"ಭೂಮಿಭಾರವೇ, ಕಲ್ಲಾಗು!" ಎಂದು ಮಾಯಾವಿ ಊದಿದ. ದೂಮಣ್ಣ ಕಲ್ಲಾದ. ಮಾತೊಂದೇ ಉಳಿಯಿತು.

"ತಂಗೀ, ತುಪ್ಪ ಸ್ವಲ್ಪ ಕಡಿಮೆಯಿತ್ತು" ಎಂದಿತು ಕಲ್ಲು.

ಅರ್ಚಕರು ಹೇಳಿದರು: "ಆಚೆ ದಡದ ಹರಿಗುಡಿಯ ತೀರ್ಥ ಬಿದ್ದರೆ ಅಣ್ಣ ಏಳುತ್ತಾನೆ, ತಾಯೀ. ಆದರೆ ದಾರಿಯಲ್ಲಿ ಊದಾಸುರ ಮೂರು ಸಲ ಊದುತ್ತಾನೆ. ಕಡಲಿಗೆ ಬಿದ್ದ ಕಲ್ಲು ಮೇಲೆ ಬರುವುದಿಲ್ಲ."

ಸಿರಿದೇವಿ ಊರವರಿಂದ ಕಲ್ಲನ್ನು ಎತ್ತಿಸಿ, ದೋಣಿಯ ಎತ್ತರದ ಹಲಗೆಯ ಮೇಲೆ ಕೂರಿಸಿ, ಹೂವಿಟ್ಟು ಹಾಯಿ ಬಿಚ್ಚಿದಳು.

ಊದಾಸುರ ಊದಿದ. ದೋಣಿ ಕುಡುಕನಂತೆ ತೂರಾಡಿತು.

"ನನ್ನನ್ನು ಕೆಳಗಿಡೇ!" ಎಂದಿತು ಕಲ್ಲು.

"ಅಣ್ಣನನ್ನು ಕಾಲಡಿ ಇಡುವುದುಂಟೇ? ಪಾಪ ತಟ್ಟುತ್ತದೆ." ಅವಳು ಕಲ್ಲನ್ನು ಪಕ್ಕದ ಹಲಗೆಗೆ ಜಾರಿಸಿದಳು.

ಊದಾಸುರ ಮತ್ತೆ ಊದಿದ. ದೋಣಿ ಆ ಬದಿಗೇ ಮಲಗಿತು, ನೀರು ನುಗ್ಗಿತು.

"ಆ ಭಾರ ಎಸೆ ಹುಡುಗೀ, ಹಗುರಾಗಿ ಹಾರಿಹೋಗು!" ಎಂದು ಮಾಯಾವಿ ಮೋಡದಲ್ಲಿ ಕೇಕೆ ಹಾಕಿದ.

"ಎಸೆಯಲಾರೆ!" ಎಂದು ಅವಳು ಕಲ್ಲನ್ನು ಅಪ್ಪಿಕೊಂಡಳು.

"ಹುಚ್ಚೀ," ಎಂದ ಅಣ್ಣ, "ಮಂದರ ಪರ್ವತ ಮುಳುಗತೊಡಗಿದಾಗ ಹರಿ ಆಮೆಯಾಗಿ ಅದರ ಅಡಿಗೆ ಹೋಗಲಿಲ್ಲವೇ? ದೇವರಿಗಿಲ್ಲದ ದೊಡ್ಡಸ್ತಿಕೆ ನನಗೇಕೆ?"

ಸಿರಿದೇವಿ ಕೈಮುಗಿದು, ಅಣ್ಣನನ್ನು ದೋಣಿಯ ತಳಕ್ಕೆ, ನಟ್ಟನಡುವಿಗೆ ಜಾರಿಸಿ ಇಳಿಸಿದಳು. ಉರುಳದಂತೆ ಸುತ್ತ ತೆಂಗಿನ ಸಿಪ್ಪೆ ತುರುಕಿದಳು.

ಮೂರನೆಯ ಸಲ ಊದಾಸುರ ಇದ್ದಬದ್ದ ಉಸಿರನ್ನೆಲ್ಲ ಊದಿದ. ದೋಣಿ ವಾಲಿತು, ವಾಲಿತು, ಹಾಯಿ ನೀರು ಮುಟ್ಟುವಷ್ಟು ವಾಲಿತು. ಆಗ ತಳದ ಭಾರ ಕೆಳಕ್ಕೆ ಜಗ್ಗಿತು. ದೋಣಿ ಮೆಲ್ಲಗೆ ಎದ್ದು ನಿಂತಿತು! ಉಸಿರು ಬರಿದಾದ ಮಾಯಾವಿ ಒಣತೊಗಲಿನಂತೆ ಕಡಲಿಗೆ ಬಿದ್ದ. ಅವನ ಗಾಳಿಯೇ ಹಾಯಿ ತುಂಬಿ ದೋಣಿಯನ್ನು ಗುಡಿ ಮುಟ್ಟಿಸಿತು.

ತೀರ್ಥ ಬಿತ್ತು. ದೂಮಣ್ಣ ಮೈಮುರಿದು ಎದ್ದ. "ಪ್ರಸಾದ ಏನಿದೆ?"

ಮರಳುವಾಗ ಅವನು ತಾನಾಗಿಯೇ ದೋಣಿಯ ತಳದಲ್ಲಿ ಕೂತ. ಕೂತರೆ ಏಳದವನು ತಾನೇ! ಊರವರು ಈಗ "ಭೂಮಿಗೆ ಭಾರ, ದೋಣಿಗೆ ಆಧಾರ" ಎಂದು ನಕ್ಕು, ತುಪ್ಪ ಸುರಿದು ಹೋಳಿಗೆ ಬಡಿಸಿದರು.

ಅಂದಿನಿಂದ ಅಲೆನಾಡಿನ ಪ್ರತಿ ದೋಣಿಯ ತಳದಲ್ಲೂ ಒಂದು ಕಲ್ಲು. ಅದರ ಹೆಸರು ಅಣ್ಣ. ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೇ ಹಾಯಿ ಬಿಚ್ಚುತ್ತಾರೆ. ಹೋದವರೆಲ್ಲ ಸುಖವಾಗಿ ಮನೆ ಸೇರುತ್ತಾರೆ. ಎಲ್ಲರ ಅಡಿಯಲ್ಲೂ ಆ ಹರಿ ಇದ್ದಾನಲ್ಲ!