ಕೈ ಬಿಟ್ಟವಳು, ಕೈಬಿಟ್ಟವಳು

ಆ ಹೆಬ್ಬೆರಳನ್ನು ಇಲ್ಲೇ ಲಟಕ್ಕನೆ ಮುರಿದುಬಿಡಲೇ ಎಂದು ಅವಳಿಗೆ ಒಂದು ಕ್ಷಣ ಅನ್ನಿಸಿತು.

ಮುರಿಯಲಿಲ್ಲ ಬಿಡಿ. ಕೈ ನೋವಿನವರಿಗೆ ವ್ಯಾಯಾಮ ಮಾಡಿಸುವ ಕ್ಲಿನಿಕ್ ಅದು. ಅಲ್ಲಿಗೆ ಬರುವವರೆಲ್ಲ ಅವಳನ್ನು 'ಕೈ ಡಾಕ್ಟರಮ್ಮ' ಎಂದೇ ಕರೆಯುತ್ತಿದ್ದರು. ಎದುರಿಗೆ ಕೂತವನು ಮದುವೆ ವಿಡಿಯೋಗಳ ಎಡಿಟರ್. ಮೌಸ್ ಹಿಡಿದೂ ಹಿಡಿದೂ ಬಲಗೈ ಹೆಬ್ಬೆರಳಿನ ಬುಡ ಊದಿಕೊಂಡಿತ್ತು. ಬಿಸಿ ಮೇಣದಲ್ಲಿ ಅದ್ದಿದ್ದ ಕೈಯಿಂದ ಮೇಣ ಸುಲಿದು, ಬೆರಳನ್ನು ಮೆಲ್ಲಗೆ ಬಗ್ಗಿಸುತ್ತಿದ್ದಳು. ಅಷ್ಟರಲ್ಲಿ ಮೇಜಿನ ಮೇಲಿದ್ದ ಅವನ ಫೋನ್ ಬೆಳಗಿತು. ಅವನದೇ ಚಾನೆಲ್, ಅವನದೇ ವಿಡಿಯೋ.

'ಕೈಬಿಟ್ಟವಳ ಜಾಣತನ.'

ಇವನಾ... ಇವನೇನಾ ಅವನು?

ಅವಳ ತಂಗಿ ಟೀವಿಯ ಸ್ಪರ್ಧೆಯೊಂದಕ್ಕೆ ಹೋಗಿದ್ದಳು. ನೀರಿನ ತೊಟ್ಟಿಯ ಮೇಲೆ ಎರಡು ಹಲಗೆ, ಒಂದೊಂದರ ಮೇಲೆ ಒಬ್ಬೊಬ್ಬರು, ನಡುವೆ ಹಿಡಿದ ಕೈ. ಗಂಟೆ ಹೊಡೆಯುವವರೆಗೂ ಹಿಡಿದಿದ್ದರೆ ಇಬ್ಬರೂ ಉಳಿಯುತ್ತಾರೆ. ಮೊದಲೇ ಯಾರಾದರೂ ಬಿಟ್ಟರೆ, ಬಿಟ್ಟವರು ಮುಂದಿನ ಸುತ್ತಿಗೆ, ಜೊತೆಗಾರ ಮನೆಗೆ. ತಂಗಿಯ ಜೊತೆಗಾರ ಒಬ್ಬ ಈಜು ಕೋಚ್. ಇನ್ನೇನು ಗಂಟೆ ಹೊಡೆಯಬೇಕು, ಕೈ ಬೇರೆಯಾಯಿತು. ಕೋಚ್ ಮನೆಗೆ ಹೋದ. ಮುಂದಿನ ವಾರ ಜನ ವೋಟು ಹಾಕದೆ ತಂಗಿಯನ್ನೂ ಕಳಿಸಿದರು.

ಆಮೇಲೆ ಶುರುವಾಯಿತು ಅಭಿಮಾನಿಗಳ ಪಂಚಾಯಿತಿ. ಅದು ಆಟದ ಲೆಕ್ಕಾಚಾರ ಎಂದು ಕೆಲವರು, ನಂಬಿಕೆದ್ರೋಹ ಎಂದು ಉಳಿದವರು. ಈ ವಿಡಿಯೋ ಬಂದದ್ದೇ ತಡ, ಎಲ್ಲರ ಬಾಯಲ್ಲೂ 'ಕೈಬಿಟ್ಟವಳು'. ಅಂಗಡಿಯವನೂ ಹಾಗೆಂದು ಕರೆದು ನಕ್ಕ. ತಂಗಿ ಕೋಣೆ ಸೇರಿದವಳು ಹೊರಗೆ ಕಾಲಿಡಲಿಲ್ಲ. ಕೆಲಸಕ್ಕೂ ಹೋಗಲಿಲ್ಲ. ಅವಳನ್ನು ಆ ಕೋಣೆಯಿಂದ ಹೊರಗೆ ತರುವುದು ಹೇಗೆ ಎಂಬುದೊಂದೇ ಅಕ್ಕನ ಚಿಂತೆ.

"ನೋವಾಯ್ತಾ?" ಎಂದಳು, ಬೆರಳನ್ನು ಇನ್ನೊಂದಿಷ್ಟು ಒತ್ತಿ.

"ಸ್ವಲ್ಪ."

"ಆಗ್ಲಿ."

ತಾನು ಯಾರೆಂದು ಅವಳು ಹೇಳಲಿಲ್ಲ. ಕೋಪ ತಡೆಯದೆ ಜಗಳ ಮಾತ್ರ ತೆಗೆದಳು. ಕೋಚ್ ನಂಬಿ ಹಿಡಿದಿದ್ದ ಕೈಯನ್ನು ಆ ಹುಡುಗಿ ಬೇಕೆಂದು ಬಿಡಲಿಲ್ಲ, ಒದ್ದೆ ಕೈ ಜಾರಿತು ಎಂದು ವಾದಿಸಿದಳು. ಬಿಟ್ಟದ್ದೇ ನಿಜ, ಅದರಲ್ಲಿ ಮೋಸವೇನೂ ಇಲ್ಲ, ಬಿಡಬಹುದೆಂದು ನಿಯಮವೇ ಇತ್ತಲ್ಲ ಎಂದು ಅವನು. ನಿಯಮ ಇದ್ದ ಮಾತ್ರಕ್ಕೆ ನ್ಯಾಯವಾಯಿತೇ ಎಂದು ಇವಳು. ಕಾಯುತ್ತಿದ್ದ ರೋಗಿಗಳೂ ತಮ್ಮ ತಮ್ಮ ಪಕ್ಷ ಹಿಡಿದರು.

ಅವನು ಮತ್ತೆ ಮತ್ತೆ ಬಂದ. ಜಗಳವೂ ಮುಂದುವರಿಯಿತು. ಅವನು ಎಂದೂ ದನಿ ಏರಿಸುತ್ತಿರಲಿಲ್ಲ. ತಾನು ಸೋತ ಮಾತಿಗೆ ತಾನೇ ನಗುತ್ತಿದ್ದ. ಅವಳ ಕಣ್ಣು ಕೆಂಪಗಿದ್ದ ದಿನ ವಾದದ ಸುದ್ದಿಯೇ ಎತ್ತದೆ, ಊಟ ಆಯಿತಾ ಎಂದಷ್ಟೇ ಕೇಳಿ ಸುಮ್ಮನೆ ಕೂತಿದ್ದ.

ಅವನು ಬರುವ ದಿನ ಅವಳ ಕಣ್ಣು ಬಾಗಿಲ ಕಡೆಗೇ. ತಂಗಿ ಮನೆಯಲ್ಲಿ ಅನ್ನ ಬಿಟ್ಟು ಕೂತಿದ್ದರೆ ನಾನಿಲ್ಲಿ ಯಾರಿಗೆ ಕಾಯ್ತಿದ್ದೀನಿ? ಅವಳಿಗೆ ತನ್ನ ಮೇಲೆಯೇ ಅಸಹ್ಯವಾಗುತ್ತಿತ್ತು. ಆದರೂ ಬಾಗಿಲು ಕಿರ್ ಎಂದರೆ ಜೀವ ಹಿಗ್ಗುತ್ತಿತ್ತು.

ಒಂದು ದಿನ ಅವನು ಆ ದೃಶ್ಯವನ್ನು ನಿಧಾನಗತಿಯಲ್ಲಿ ತೋರಿಸಿದ.

"ಕೈ ವಿಷಯ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹೆಬ್ಬೆರಳು ನೋಡಿ. ಅದು ಮೊದಲು ಬಿಚ್ಚಿಕೊಳ್ತು. ಜಾರೋ ಕೈ ಹಾಗೆ ಬಿಚ್ಚಲ್ಲ, ಅಲ್ವಾ?"

ಅವಳಿಗೆ ಗೊತ್ತಿತ್ತು. ಮೊದಲ ಸಲ ಟೀವಿಯಲ್ಲಿ ನೋಡಿದಾಗಲೇ ಗೊತ್ತಾಗಿತ್ತು.

"ಅವಳು ನನ್ನ ತಂಗಿ," ಎಂದಳು. "ನೀವಿಟ್ಟ ಹೆಸರಿಗೆ ಅವಳು ಕೋಣೆ ಬಿಟ್ಟು ಆಚೆ ಬರ್ತಿಲ್ಲ."

ಅವನು ತಡವರಿಸುತ್ತಾ ಹೇಳಿದ. ಅದು ಬೈಗುಳವಾಗಿರಲಿಲ್ಲ, ಹೊಗಳಿಕೆ. ಅವನು ಬರೆದದ್ದು 'ಕೈ ಬಿಟ್ಟವಳ ಜಾಣತನ'. ಹಿಡಿದ ಕೈಯನ್ನು ಬಿಟ್ಟವಳು, ಅಷ್ಟೇ. ದಪ್ಪ ಅಕ್ಷರ ಒಂದು ಸಾಲಿನಲ್ಲಿ ಹಿಡಿಯಲಿಲ್ಲವೆಂದು ನಡುವಿನ ಜಾಗ ತೆಗೆದ. ಎರಡು ಪದ ಅಂಟಿಕೊಂಡು, ನಡುನೀರಿನಲ್ಲಿ ಬಿಟ್ಟು ಹೋದವಳು ಎಂದಾಗಿಬಿಟ್ಟಿತು. ವಿಡಿಯೋದ ಒಳಗಿನ ಮಾತನ್ನು ಯಾರು ಪೂರ್ತಿ ಕೇಳುತ್ತಾರೆ? ತಲೆಬರಹ ಓದಿದರು, ಉಗಿದರು.

"ಉಗಿಯೋದು ನೋಡಿದ ಮೇಲಾದ್ರೂ ತಿದ್ದಬಹುದಿತ್ತಲ್ಲ?"

ಅವನು ತಲೆ ತಗ್ಗಿಸಿದ. "ನೋಡೋರು ಜಾಸ್ತಿ ಆಗ್ತಾ ಹೋದ್ರು... ಸುಮ್ಮನಿದ್ದುಬಿಟ್ಟೆ."

"ಒಂದು ಜಾಗ ಬಿಟ್ಟಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ಹೋಗಿ. ಇನ್ನು ಬರಬೇಡಿ."

ಅವನು ಹೋದ. ಬಾಗಿಲು ಮುಚ್ಚಿದ ಮೇಲೆ ಅವಳ ಕಣ್ಣು ತುಂಬಿತು. ಕಳಿಸಿದ್ದು ನಾನೇ ತಾನೆ... ಮತ್ತೆ ಅಳು ಯಾಕೆ?

ಆ ಸಂಜೆ ತಂಗಿಯ ಬಳಿ ಕೂತು ಎಲ್ಲವನ್ನೂ ಹೇಳಿದಳು. ಅವನನ್ನು ಬೈದಳು, ಜಾಗವನ್ನು ಬೈದಳು, ಕೊನೆಗೆ ಎಂದಿನಂತೆ, ಕೈ ಜಾರಿದ್ದು ಜನಕ್ಕೆ ಅರ್ಥವೇ ಆಗಲಿಲ್ಲ ಎಂದಳು.

ತಂಗಿ ಗೋಡೆಯ ಕಡೆ ತಿರುಗಿದ್ದವಳು ಎದ್ದು ಕೂತಳು.

"ಅಕ್ಕ, ಜಾರಲಿಲ್ಲ ಕಣೆ. ನಾನೇ ಬಿಟ್ಟೆ. ನನಗೆ ಗೆಲ್ಬೇಕಿತ್ತು."

ತಂಗಿ ಮುಂದುವರಿಸಿದಳು.

"ಕೋಚ್ ಸರ್ ಆಮೇಲೆ ಫೋನ್ ಮಾಡಿ ನಕ್ಕರು, ಇನ್ನೊಂದು ಚೂರು ತಡ ಮಾಡಿದ್ರೆ ನಾನೇ ಬಿಡ್ತಿದ್ದೆ ಅಂತ. ಊರೋರು ಬೈದದ್ದು ಹೇಗೋ ತಡ್ಕೊಳ್ತಿದ್ದೆ. ನೀನು ಮಾತ್ರ ಜಾರಿತು, ಜಾರಿತು ಅಂತ ಕಂಡೋರ ಹತ್ರ ಎಲ್ಲಾ ಹೇಳ್ಕೊಂಡು ಬಂದೆ. ಅಂದ್ರೆ ಬಿಟ್ಟಿದ್ರೆ ನಾನು ನಿನಗೂ ಕೆಟ್ಟೋಳೇ ಅಂತ ತಾನೆ? ಯಾವ ಮುಖ ಇಟ್ಕೊಂಡು ಈಚೆ ಬರ್ಲಿ?"

ಕೋಣೆಯ ಬಾಗಿಲಿಗೆ ಅಗುಳಿ ಹಾಕಿದ್ದು ಯಾರು ಎಂದು ಅವಳಿಗೆ ಆಗ ತಿಳಿಯಿತು. ತಂಗಿಯನ್ನು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ನೋಡಿದ್ದೆ ಕಣೇ, ಅವತ್ತೇ ನೋಡಿದ್ದೆ, ಒಪ್ಪಿಕೊಳ್ಳೋಕೆ ನಾಚಿಕೆಯಾಯ್ತು ಎಂದಳು. ತಂಗಿಯೂ ಅತ್ತಳು. ಆಮೇಲೆ ಮುಖ ತೊಳೆದುಕೊಂಡು ಊಟಕ್ಕೆ ಬಂದಳು.

ಮರುದಿನ ಮಧ್ಯಾಹ್ನ ಅಕ್ಕ ಅವನ ಸ್ಟುಡಿಯೋ ಹುಡುಕಿಕೊಂಡು ಹೋದಳು. ತೆರೆಯ ಮೇಲೆ ಯಾರದೋ ಮದುವೆ. ಅವನು ಎಡಗೈಯಲ್ಲಿ ಮೌಸ್ ಹಿಡಿದು ಒದ್ದಾಡುತ್ತಿದ್ದ. ಅವಳನ್ನು ಕಂಡು ಗಡಬಡಿಸಿ ಎದ್ದ. ವಿಡಿಯೋ ತೆಗೆದೆ, ಕ್ಷಮೆ ಕೇಳಿ ಇನ್ನೊಂದು ಹಾಕಿದೆ, ಬೈಗುಳವೆಲ್ಲ ಈಗ ನನಗೇ ಬರ್ತಿದೆ, ಬರ್ಲಿ ಎಂದ.

"ಕೈ ಜಾರಿರಲಿಲ್ಲ. ನೀವು ಹೇಳಿದ್ದೇ ಸರಿ. ತಂಗಿ ಅದನ್ನ ತಾನೇ ಎಲ್ಲರಿಗೂ ಹೇಳ್ತಾಳಂತೆ. ನಿಮ್ಮ ಚಾನೆಲ್ಲಲ್ಲೇ."

ಅವನು ಹೂಂ ಎಂದ. ಆಮೇಲೆ, "ಇಷ್ಟು ಹೇಳೋಕೆ ಬಂದ್ರಾ?" ಎಂದ.

"ಇಷ್ಟಕ್ಕೆ ಫೋನ್ ಸಾಕಿತ್ತು."

"ಕೈ ನೋವು ಹೇಗೋ ತಡ್ಕೊಳ್ತೀನಿ. ನೀವು ಬರಬೇಡಿ ಅಂದದ್ದು ತಡ್ಕೊಳ್ಳೋಕಾಗಲ್ಲ. ನನಗೆ ನೀವು ಬೇಕು... ಕೋಪ ಹೋಯ್ತಾ?"

"ಇಲ್ಲ." ಅವಳು ಕಣ್ಣೊರೆಸಿಕೊಂಡಳು. "ಅಷ್ಟು ಬೇಗ ಹೋಗಲ್ಲ. ದಿನಾ ನೀನು ಜಗಳಕ್ಕೆ ಸಿಕ್ರೆ ನಿಧಾನಕ್ಕೆ ಹೋಗಬಹುದು."

ಅವನು ಅವಳನ್ನೇ ನೋಡಿದ.

"ನೀನು... ಅಂದ್ರಾ?"

"ಹೂಂ," ಎಂದಳು. "ಅಂದೆ."