ಸತ್ತ ಮೇಲೆ ಪಟ್ಟ ಏರಿದ ಕುಬ್ಲಾಯಿ ಖಾನ್

ಕುಬ್ಲಾಯಿ ಖಾನ್ ತೀರಿಕೊಂಡು ಹನ್ನೊಂದು ವರ್ಷವಾದ ಮೇಲೆ ಪಟ್ಟಕ್ಕೆ ಬಂದಿದ್ದಾನೆ ಎಂಬ ಸಂಗತಿ ಪಠ್ಯಪುಸ್ತಕದ ಮುದ್ರಣಾಲಯಕ್ಕೆ ಗೊತ್ತಾದದ್ದು ಸೋಮವಾರ ಬೆಳಿಗ್ಗೆ. ಅಷ್ಟರಲ್ಲಿ ಏಷ್ಯಾದ ರಾಜವಂಶಗಳು ಮತ್ತು ಧರ್ಮಗಳ ಪುಸ್ತಕ ನಲವತ್ತು ಸಾವಿರ ಪ್ರತಿ ಅಚ್ಚಾಗಿ ಗೋದಾಮು ಸೇರಿತ್ತು. ಪಟ್ಟ ಏರಿದ್ದು ೧೨೬೦, ಸತ್ತದ್ದು ೧೨೪೯. ೧೨೯೪ ಆಗಬೇಕಿದ್ದ ಕಡೆ ಕೊನೆಯ ಎರಡಂಕಿ ಅದಲುಬದಲಾಗಿದ್ದವು.

ಕರಡು ತಿದ್ದುವ ಅವಳಿಗೆ ಆಫೀಸಿನಲ್ಲಿ ಭೂತಗನ್ನಡಿ ಎಂದೇ ಹೆಸರು. ಒಂಬತ್ತು ವರ್ಷದಲ್ಲಿ ಅವಳ ಕಣ್ಣು ತಪ್ಪಿಸಿ ಒಂದು ಕೊಂಬಾಗಲಿ, ಒಂದು ಸೊನ್ನೆಯಾಗಲಿ ಆಚೆ ಹೋದದ್ದಿರಲಿಲ್ಲ. ಎದುರು ಕುರ್ಚಿಯಲ್ಲಿ ಕೂತು ಹಸ್ತಪ್ರತಿಯನ್ನು ಗಟ್ಟಿಯಾಗಿ ಓದುವವನಿಗೆ ರೇಡಿಯೋ ಎಂಬ ಅಡ್ಡಹೆಸರು. ಅವನು ಓದಬೇಕು, ಅವಳು ಅಚ್ಚಾದ ಕರಡಿನ ಮೇಲೆ ಕಣ್ಣಿಡಬೇಕು. ಅಲ್ಲಿನ ಹಳೇ ಪದ್ಧತಿ ಅದು. ಅಲ್ಪವಿರಾಮ, ಪೂರ್ಣವಿರಾಮಗಳನ್ನೂ ಅವನು ಬಾಯಿಬಿಟ್ಟು ಹೇಳುತ್ತಿದ್ದ.

"ಟಾಂಗ್ ದೊರೆಗಳು ಬೌದ್ಧ ವಿಹಾರಗಳಿಗೆ ದಾನ ಕೊಟ್ಟರು ಅಲ್ಪವಿರಾಮ ಮುಂದೆ ಅದೇ ವಂಶದವನೊಬ್ಬ ಅವನ್ನು ಮುಚ್ಚಿಸಿದ ಪೂರ್ಣವಿರಾಮ. ಮೇಡಂ, ನಿದ್ದೆ ಬಂತಾ?"

"ಇಲ್ಲ ಸಾರ್. ವಿಹಾರ ಮುಚ್ಚಿಸಿದ್ರಲ್ಲ, ಬೇಜಾರಾಯ್ತು."

"ಅಳಬೇಡಿ, ಮುಂದಿನ ಪುಟದಲ್ಲಿ ಮತ್ತೆ ಬಾಗಿಲು ತೆಗೆಸ್ತೀನಿ," ಎಂದು ಅವನು ಕನ್ನಡಕದ ಮೇಲಿಂದ ಕಣ್ಣೆತ್ತಿ ನೋಡುತ್ತಿದ್ದ. ಆ ನೋಟಕ್ಕೆ ಅವಳು ಎಲ್ಲಿದ್ದೆ ಎಂಬುದೇ ಮರೆತು, ಸಾಲಿನ ಮೇಲೆ ಬೆರಳಿಟ್ಟು ಹುಡುಕಬೇಕಾಗುತ್ತಿತ್ತು.

ಅವಳಿಗೆ ದಣಿವಾಗಿತ್ತು. ಖ್ಮೇರರು, ಸಫಾವಿಗಳು, ಆಟೊಮನ್ನರು, ಎಷ್ಟು ವಂಶ ಎದ್ದವು, ಎಷ್ಟು ಮಣ್ಣುಪಾಲಾದವು! ವಯಸ್ಸು ನಲವತ್ತೆರಡು. ಸಂಜೆ ಉರಿಯುವ ಕಣ್ಣು ಹೊತ್ತು ಮನೆಗೆ ಹೋದರೆ ಅಮ್ಮನದು ಒಂದೇ ರಾಗ: "ಸತ್ತ ರಾಜರನ್ನ ನೋಡಿದ್ದು ಸಾಕು, ಬದುಕಿರೋನೊಬ್ಬನ್ನ ನೋಡೇ." ಬದುಕಿರುವವನನ್ನು ಅವಳು ದಿನಾ ನೋಡುತ್ತಲೇ ಇದ್ದಳು, ಹೇಳಲು ಬಾಯಿ ಬಂದಿರಲಿಲ್ಲ ಅಷ್ಟೇ.

ಮ್ಯಾನೇಜರ್ ಅವಳನ್ನು ಕರೆದಾಗ ಮೇಜಿನ ಮೇಲೆ ರೇಡಿಯೋ ಬರೆದುಕೊಟ್ಟ ಪತ್ರವಿತ್ತು. ಇಸವಿಯನ್ನು ತಪ್ಪಾಗಿ ಓದಿದವನು ನಾನೇ ಎಂದು ಒಪ್ಪಿಕೊಂಡು ಸಹಿ ಹಾಕಿದ್ದ. ಅವನು ಗೋಡೆಗೊರಗಿ ನಿಂತಿದ್ದ, ಅವಳತ್ತ ನೋಡಲಿಲ್ಲ.

"ತಪ್ಪು ಮಾಡಿದವರಿಗೆ ಗೋದಾಮು, ಗೊತ್ತಲ್ಲ. ನಾಳೆಯಿಂದ ಇವರು ಅಲ್ಲಿಗೆ. ಅಷ್ಟೂ ಪುಸ್ತಕಕ್ಕೆ ತಿದ್ದುಪಡಿ ಚೀಟಿ ಅಂಟಿಸಿ, ಮುಂದಕ್ಕೂ ಅಲ್ಲೇ ಇರಲಿ," ಎಂದರು ಮ್ಯಾನೇಜರ್.

ಗೋದಾಮು ಊರಿನ ಇನ್ನೊಂದು ತುದಿಯಲ್ಲಿತ್ತು. ಒಳಗೆ ಕಾಲಿಟ್ಟರೆ ಕಾಗದದ ಧೂಳು. ರೇಡಿಯೋಗೆ ಮೊದಲೇ ಉಬ್ಬಸ. ಆ ಧೂಳಿನಲ್ಲಿ ಅವನ ಎದೆ ಒಂದು ತಿಂಗಳೂ ತಾಳದು.

"ಸಾರ್, ಅವರು ಸರಿಯಾಗೇ ಓದಿದ್ರು. ನೋಡದೆ ಬಿಟ್ಟಿದ್ದು ನಾನು."

"ಸುಮ್ನಿರಮ್ಮ. ನಿನ್ನ ಕಣ್ಣಿಗೆ ಇದು ಬೀಳದೆ ಇರುತ್ತಾ? ಅವರನ್ನ ಉಳಿಸೋಕೆ ಹೇಳ್ತಿದ್ದೀಯ."

ಯಾರೂ ನಂಬುವಂತಿರಲಿಲ್ಲ. ಇನ್ನು ಪೂರ್ತಿ ನಿಜ ಹೇಳುವುದೊಂದೇ ಉಳಿದಿತ್ತು. ಅವಳಿಗೆ ನಾಚಿಕೊಳ್ಳುವಷ್ಟು ತ್ರಾಣವೂ ಇರಲಿಲ್ಲ.

"ಕಣ್ಣು ಪುಟದ ಮೇಲಿರ್ಲೇ ಇಲ್ಲ ಸಾರ್. ಕಣ್ಣು ಮುಚ್ಚಿ ಅವರ ದನಿ ಕೇಳ್ತಾ ಕೂತಿದ್ದೆ. ಯಾವ ರಾಜ ಹುಟ್ಟಿದ, ಯಾವನು ಸತ್ತ, ಒಂದೂ ತಲೆಗೆ ಹೋಗ್ಲಿಲ್ಲ. ಇವರು ಓದ್ತಾನೇ ಇರಲಿ ಅನ್ನಿಸ್ತಿತ್ತು."

ಮ್ಯಾನೇಜರ್ ಪೆನ್ನು ಕೆಳಗಿಟ್ಟರು. "ಇದನ್ನ ಮೇಲಿನವರಿಗೆ ನಾನು ಹೇಗಮ್ಮ ಬರೀಲಿ?" ಎಂದು ತಲೆ ಚಚ್ಚಿಕೊಂಡರು. ಕೊನೆಗೆ ಅವನ ಪತ್ರ ಹರಿದು, ಗೋದಾಮಿನ ಆದೇಶಕ್ಕೆ ಅವಳ ಹೆಸರು ಹಾಕಿದರು.

ಹೊರಗೆ ಕಾರಿಡಾರಿನ ಬೆಂಚಿನ ಮೇಲೆ ಅವಳು ಕುಸಿದು ಕೂತಳು. ರೇಡಿಯೋ ಹಿಂದೆಯೇ ಬಂದ.

"ಒಂಬತ್ತು ವರ್ಷ ಎದುರಿಗೇ ಇದ್ದೆನಲ್ರೀ. ನನಗೆ ಹೇಳೋದು ಬಿಟ್ಟು ಮ್ಯಾನೇಜರಿಗೆ ಹೇಳಿದ್ರಲ್ಲ!"

"ನೀವ್ಯಾಕೆ ಸುಳ್ಳು ಬರೆದುಕೊಟ್ರಿ?"

"ನಿಮ್ಮನ್ನ ಆ ಧೂಳಿಗೆ ಕಳಿಸೋಕೆ ಮನಸ್ಸು ಬರ್ಲಿಲ್ಲ. ನಿಮ್ಮನ್ನ ಕಂಡ್ರೆ ನಂಗಿಷ್ಟ, ಮೇಡಂ. ಮೂರು ಗಂಟೆಗೆ ಮುಗಿಯೋ ಪಾಠಾನ ಐದರವರೆಗೂ ಎಳೀತಿದ್ದೆ. ಅದೊಂದು ಭೂತಗನ್ನಡಿಗೆ ಕಾಣ್ಲಿಲ್ವಾ?"

"ಕಾಣ್ತಿತ್ತು. ಕಾಣದ ಹಾಗೆ ನಟಿಸಿ ನಟಿಸೀನೇ ನನಗಿಷ್ಟು ಸುಸ್ತು."

ಇಬ್ಬರಿಗೂ ನಗು ಬಂತು. ನಕ್ಕದ್ದಕ್ಕೆ ಅವನಿಗೆ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಅವನು ಮೆಲ್ಲಗೆ ಕೇಳಿದ: "ಮದುವೆ ಆಗೋಣ್ವಾ?"

"ಆಗೋಣ. ಇವತ್ತೇ ಯಾರಿಗೂ ಹೇಳೋದು ಬೇಡ, ಮಾತಾಡೋಕೆ ಶಕ್ತಿ ಇಲ್ಲ."

"ಹಾಗಾದ್ರೆ ನಾನೇ ಏನಾದ್ರೂ ಓದಿ ಹೇಳ್ಲಾ?"

"ಏನೂ ಬೇಡ. ಸುಮ್ನೆ ಪಕ್ಕದಲ್ಲಿ ಕೂತಿರಿ."

ಒಂಬತ್ತು ವರ್ಷ ಎದುರು ಕೂತವನು ಬಂದು ಪಕ್ಕದಲ್ಲಿ ಕೂತ.